ವಸಡಿನ ರೋಗ ಮತ್ತು ದೇಹದ ರೋಗನಿರೋಧಕ ಕೋಶಗಳು: ಹೊಸಪೇಟೆ, ಹಂಪಿ, ಸಂಡೂರು ಹಾಗೂ ಕಂಪ್ಲಿ ಭಾಗದ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಹಲ್ಲುಜ್ಜುವಾಗ ವಸಡಿನಿಂದ ರಕ್ತ ಒಸರುವುದನ್ನು ಬಹಳಷ್ಟು ಜನರು ಸಾಮಾನ್ಯ ಸಂಗತಿಯೆಂದು ಭಾವಿಸಿ ಕಡೆಗಣಿಸುತ್ತಾರೆ. ನೋವು ಇಲ್ಲದಿರುವುದರಿಂದ ಆಸ್ಪತ್ರೆಗೆ ಹೋಗುವ ಅವಶ್ಯಕತೆ ಕಂಡುಬರುವುದಿಲ್ಲ. ಹಲ್ಲು ಅಲುಗಾಡಲು ಆರಂಭವಾದ ನಂತರ ದಂತ ವೈದ್ಯರನ್ನು ಕಾಣುವ ವೇಳೆಗೆ ಹಲ್ಲನ್ನು ಹಿಡಿದಿಟ್ಟಿರುವ ಮೂಳೆಯ ಗಣನೀಯ ಭಾಗ ಕರಗಿಹೋಗಿರುತ್ತದೆ. ಹೀಗೆ ಕರಗಿದ ಮೂಳೆಯು ತಾನಾಗಿಯೇ ಮತ್ತೆ ಬೆಳೆಯುವುದಿಲ್ಲ.

ಈ ಮೂಳೆಯನ್ನು ರೋಗಾಣುಗಳೇ ನೇರವಾಗಿ ತಿಂದುಹಾಕುತ್ತವೆ ಎಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವದಲ್ಲಿ ಹಾನಿಯ ಹೆಚ್ಚಿನ ಪಾಲು ಸಂಭವಿಸುವುದು ದೇಹದ ಸ್ವಂತ ರಕ್ಷಣಾ ಕೋಶಗಳು ರೋಗಾಣುಗಳ ವಿರುದ್ಧ ವರ್ಷಗಟ್ಟಲೆ ನಡೆಸುವ ಹೋರಾಟದಿಂದ. ಈ ಒಂದು ಅಂಶವನ್ನು ಅರಿತಲ್ಲಿ, ಚಿಕಿತ್ಸೆಯನ್ನು ಯಾವಾಗ ಪಡೆಯಬೇಕು, ಮಾತ್ರೆ ಅಥವಾ ಟಾನಿಕ್‌ನಿಂದ ರೋಗ ಏಕೆ ಗುಣವಾಗುವುದಿಲ್ಲ, ಸಕ್ಕರೆ ಕಾಯಿಲೆ ಇರುವವರು ಹಾಗೂ ಹೊಗೆಸೊಪ್ಪು ಬಳಸುವವರು ಏಕೆ ಹೆಚ್ಚು ಎಚ್ಚರ ವಹಿಸಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆ. ಸಾರ್ವಜನಿಕರ ತಿಳಿವಳಿಕೆಗಾಗಿ ಈ ವಿವರಗಳನ್ನು ಕೆಳಗೆ ನೀಡಲಾಗಿದೆ.

2. ವಸಡಿನ ರೋಗ ಎಂದರೇನು?

ಹಲ್ಲಿನ ಸುತ್ತ ಕಾಲರಿನಂತೆ ಸುತ್ತಿಕೊಂಡಿರುವ ಗುಲಾಬಿ ಬಣ್ಣದ ಮೃದು ಭಾಗವೇ ವಸಡು. ಹಲ್ಲು ಮತ್ತು ವಸಡಿನ ನಡುವೆ ಆರೋಗ್ಯವಂತರಲ್ಲಿಯೂ 1ರಿಂದ 3 ಮಿಲಿಮೀಟರ್ ಆಳದ ಸಣ್ಣ ಸಂದು ಇರುತ್ತದೆ. ಈ ಸಂದಿನ ಅಂಚಿನಲ್ಲಿ ಆಹಾರದ ಅಂಶ, ಜೊಲ್ಲು ಹಾಗೂ ಬ್ಯಾಕ್ಟೀರಿಯಾಗಳು ಸೇರಿ ಅಂಟಾದ ಲೋಳೆಪದರವೊಂದು ಪ್ರತಿದಿನವೂ ಉಂಟಾಗುತ್ತದೆ. ದಂತ ವೈದ್ಯರು ಇದನ್ನು ಪ್ಲೇಕ್ ಎಂದು ಕರೆಯುತ್ತಾರೆ. ಇದನ್ನು ದಿನವೂ ಉಜ್ಜಿ ತೆಗೆಯದಿದ್ದಲ್ಲಿ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿ ಗಟ್ಟಿಯಾಗುತ್ತದೆ. ಜನಸಾಮಾನ್ಯರು ಹಲ್ಲಿನ ಪಾಚಿ ಎಂದು ಕರೆಯುವ ಈ ಗಟ್ಟಿ ಪದರವು ಬ್ರಶ್‌ನಿಂದ ಹೋಗುವುದಿಲ್ಲ.

ವಸಡಿನ ರೋಗದಲ್ಲಿ ಎರಡು ಹಂತಗಳಿವೆ.

(ಅ) ವಸಡಿನ ಉರಿಯೂತ: ವಸಡು ಕೆಂಪಾಗಿ ಊದಿಕೊಂಡು, ಮುಟ್ಟಿದರೆ ರಕ್ತ ಬರುತ್ತದೆ. ಮೂಳೆಗೆ ಇನ್ನೂ ಹಾನಿಯಾಗಿರುವುದಿಲ್ಲ. ಈ ಹಂತದಲ್ಲಿ ರೋಗವು ಸಂಪೂರ್ಣವಾಗಿ ಗುಣವಾಗುತ್ತದೆ.

(ಆ) ಹಲ್ಲಿನ ಆಧಾರ ಭಾಗದ ರೋಗ: ಸಂದು ಆಳವಾಗಿ 4 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿನ ಜೇಬಿನಂತಾಗುತ್ತದೆ. ಹಲ್ಲನ್ನು ಮೂಳೆಗೆ ಬಂಧಿಸುವ ನಾರುಗಳು ಹಾಗೂ ಮೂಳೆ ನಶಿಸುತ್ತವೆ. ಈ ಹಂತದಲ್ಲಿ ರೋಗವನ್ನು ತಡೆದು ನಿಲ್ಲಿಸಬಹುದೇ ಹೊರತು ಕಳೆದುಹೋದುದನ್ನು ಪೂರ್ಣವಾಗಿ ಮರಳಿ ಪಡೆಯಲು ಸಾಧ್ಯವಿಲ್ಲ.

3. ವಸಡಿನಲ್ಲಿ ರಕ್ಷಣಾ ಕೋಶಗಳ ಕಾರ್ಯ

ರಕ್ತದಲ್ಲಿರುವ ಬಿಳಿ ರಕ್ತಕಣಗಳೇ ದೇಹದ ರಕ್ಷಣಾ ಕೋಶಗಳು. ಇವು ಮೂಳೆಯ ಮಜ್ಜೆಯಲ್ಲಿ ಉತ್ಪತ್ತಿಯಾಗುತ್ತವೆ. ಪ್ರಯೋಗಾಲಯದ ರಕ್ತ ಪರೀಕ್ಷಾ ವರದಿಯಲ್ಲಿ ನ್ಯೂಟ್ರೋಫಿಲ್, ಲಿಂಫೋಸೈಟ್, ಮೋನೊಸೈಟ್ ಎಂದು ಮುದ್ರಿತವಾಗಿರುವುದು ಇವುಗಳ ಹೆಸರುಗಳೇ ಆಗಿವೆ. ವಸಡಿನಲ್ಲಿ ಇವುಗಳ ಕಾರ್ಯ ಈ ಕೆಳಕಂಡಂತಿದೆ.

ನ್ಯೂಟ್ರೋಫಿಲ್: ಇವು ಸಂಖ್ಯೆಯಲ್ಲಿ ಅತಿ ಹೆಚ್ಚು. ಆರೋಗ್ಯವಂತ ವಸಡಿನಲ್ಲಿಯೂ ಇವು ರಕ್ತನಾಳದಿಂದ ಹೊರಬಂದು ಹಲ್ಲಿನ ಸಂದಿನಲ್ಲಿ ಹಗಲಿರುಳೂ ಕಾವಲು ಕಾಯುತ್ತವೆ. ರೋಗಾಣುಗಳನ್ನು ನುಂಗುತ್ತವೆ, ಅವುಗಳನ್ನು ಕೊಲ್ಲುವ ರಾಸಾಯನಿಕಗಳನ್ನು ಹಾಗೂ ಪ್ರೋಟೀನನ್ನು ಕರಗಿಸುವ ಕಿಣ್ವಗಳನ್ನು ಹೊರಸೂಸುತ್ತವೆ.

ಮ್ಯಾಕ್ರೋಫೇಜ್: ಮೋನೊಸೈಟ್‌ಗಳು ಅಂಗಾಂಶದೊಳಗೆ ಬಂದು ಈ ರೂಪ ತಾಳುತ್ತವೆ. ಸತ್ತ ಕೋಶಗಳನ್ನು ತೆಗೆದು ಶುಚಿಗೊಳಿಸುವುದು ಹಾಗೂ ಇತರ ಕೋಶಗಳಿಗೆ ರಾಸಾಯನಿಕ ಸಂದೇಶಗಳ ಮೂಲಕ ಕರೆ ಕಳುಹಿಸುವುದು ಇವುಗಳ ಕೆಲಸ. ಈ ಸಂದೇಶವಾಹಕಗಳಿಗೆ ಸೈಟೊಕೈನ್ ಎಂದು ಹೆಸರು.

ಲಿಂಫೋಸೈಟ್: ಇವುಗಳಲ್ಲಿ 'ಟಿ' ಮತ್ತು 'ಬಿ' ಎಂಬ ಎರಡು ಮುಖ್ಯ ವರ್ಗಗಳಿವೆ. 'ಟಿ' ಕೋಶಗಳು ಹೋರಾಟವನ್ನು ನಿರ್ದೇಶಿಸುತ್ತವೆ. 'ಬಿ' ಕೋಶಗಳು ಪ್ಲಾಸ್ಮಾ ಕೋಶಗಳಾಗಿ ಮಾರ್ಪಟ್ಟು ಪ್ರತಿಕಾಯಗಳನ್ನು ತಯಾರಿಸುತ್ತವೆ.

ವಸಡನ್ನು ಶುಚಿಗೊಳಿಸದೆ ಬಿಟ್ಟಾಗ ಈ ಕೋಶಗಳು ಯಾವ ಕ್ರಮದಲ್ಲಿ ಬರುತ್ತವೆ ಎಂಬುದನ್ನು ಪೇಜ್ ಮತ್ತು ಶ್ರೋಡರ್ ಎಂಬ ವಿಜ್ಞಾನಿಗಳು 1976ರಲ್ಲಿ ವಿವರಿಸಿದರು. ಮೊದಲ 2ರಿಂದ 4 ದಿನಗಳಲ್ಲಿ ನ್ಯೂಟ್ರೋಫಿಲ್‌ಗಳ ಸಂಖ್ಯೆ ಏರುತ್ತದೆ. 4ರಿಂದ 7 ದಿನಗಳಲ್ಲಿ ಲಿಂಫೋಸೈಟ್‌ಗಳು ಬಂದು ಸೇರುತ್ತವೆ. 2ರಿಂದ 3 ವಾರಗಳ ನಂತರ ಪ್ಲಾಸ್ಮಾ ಕೋಶಗಳು ನೆಲೆಯೂರುತ್ತವೆ. ಈ ಸ್ಥಿತಿಯು ಕೆಲವರಲ್ಲಿ ವರ್ಷಗಳ ಕಾಲ ಹಾಗೆಯೇ ಉಳಿಯಬಹುದು. ಕೆಲವರಲ್ಲಿ ಮುಂದಿನ ಹಂತಕ್ಕೆ ಸಾಗಿ ಮೂಳೆ ಕರಗಲು ಆರಂಭವಾಗುತ್ತದೆ.

4. ರಕ್ಷಣೆಯೇ ಹಾನಿಯಾಗುವ ಬಗೆ

ಭತ್ತದ ಗದ್ದೆಗೆ ಕಾಡುಹಂದಿಗಳು ನುಗ್ಗಿದಾಗ ಅವುಗಳನ್ನು ಓಡಿಸಲು ಜನರು ಗದ್ದೆಗೆ ಇಳಿಯುವುದು ಅನಿವಾರ್ಯ. ಆದರೆ ಬೇಲಿ ಸರಿಪಡಿಸದೆ ಪ್ರತಿ ರಾತ್ರಿಯೂ ಹೀಗೆಯೇ ಓಡಿಸುತ್ತ ಹೋದಲ್ಲಿ, ಹಂದಿಗಳು ತಿಂದ ಪೈರಿಗಿಂತ ಕಾಲ್ತುಳಿತಕ್ಕೆ ಸಿಕ್ಕ ಪೈರೇ ಹೆಚ್ಚಾಗುತ್ತದೆ. ವಸಡಿನಲ್ಲಿ ನಡೆಯುವುದೂ ಇದೇ ರೀತಿಯದು. ಪಾಚಿಯನ್ನು ತೆಗೆಯದಿರುವವರೆಗೆ ರೋಗಾಣುಗಳು ಪ್ರತಿದಿನ ಹೊಸದಾಗಿ ಸೇರುತ್ತಲೇ ಇರುತ್ತವೆ. ರಕ್ಷಣಾ ಕೋಶಗಳೂ ಬರುತ್ತಲೇ ಇರುತ್ತವೆ. ಅವು ಹೊರಸೂಸುವ ಕಿಣ್ವಗಳಿಗೆ ರೋಗಾಣು ಯಾವುದು, ವಸಡಿನ ನಾರು ಯಾವುದು ಎಂಬ ಭೇದವಿರುವುದಿಲ್ಲ.

ಮೂಳೆ ಕರಗುವ ವಿಧಾನವೂ ತಿಳಿದುಬಂದಿದೆ. ದೇಹದಲ್ಲಿ ಹಳೆಯ ಮೂಳೆಯನ್ನು ತೆಗೆಯುವ ಕೋಶಗಳು ಹಾಗೂ ಹೊಸ ಮೂಳೆಯನ್ನು ಕಟ್ಟುವ ಕೋಶಗಳು ಸದಾ ಸಮತೋಲನದಲ್ಲಿ ಕೆಲಸ ಮಾಡುತ್ತಿರುತ್ತವೆ. ದೀರ್ಘಕಾಲದ ಉರಿಯೂತದಲ್ಲಿ 'ಟಿ' ಮತ್ತು 'ಬಿ' ಕೋಶಗಳು ರ‍್ಯಾಂಕ್-ಎಲ್ ಎಂಬ ಪ್ರೋಟೀನನ್ನು ಹೆಚ್ಚಾಗಿ ಉತ್ಪಾದಿಸುತ್ತವೆ. ಈ ಪ್ರೋಟೀನು ಮೂಳೆ ತೆಗೆಯುವ ಕೋಶಗಳನ್ನು ಪ್ರಚೋದಿಸುವುದರಿಂದ ಸಮತೋಲನ ತಪ್ಪುತ್ತದೆ. ಉರಿಯೂತದಿಂದ ಮೂಳೆಯು ಹಿಂದೆ ಸರಿಯುತ್ತದೆ; ಹಲ್ಲು ತನ್ನ ಆಧಾರವನ್ನು ಕಳೆದುಕೊಳ್ಳುತ್ತದೆ.

ಹಾಗಾದರೆ ರಕ್ಷಣಾ ಕೋಶಗಳು ಇಲ್ಲದಿದ್ದರೆ ಒಳಿತೇ ಎಂಬ ಪ್ರಶ್ನೆ ಏಳಬಹುದು. ಖಂಡಿತವಾಗಿಯೂ ಇಲ್ಲ. ನ್ಯೂಟ್ರೋಫಿಲ್‌ಗಳು ರಕ್ತನಾಳದಿಂದ ಹೊರಬರಲು ಸಾಧ್ಯವಾಗದ ಅಪರೂಪದ ಆನುವಂಶಿಕ ಕಾಯಿಲೆಯೊಂದಿದೆ. ಅಂತಹ ಮಕ್ಕಳಲ್ಲಿ ಅತಿ ಚಿಕ್ಕ ವಯಸ್ಸಿನಲ್ಲಿಯೇ ವಸಡಿನ ತೀವ್ರ ರೋಗ ಕಾಣಿಸಿಕೊಂಡು ಹಲ್ಲುಗಳು ಉದುರುತ್ತವೆ. ನ್ಯೂಟ್ರೋಫಿಲ್‌ಗಳು ವಸಡಿಗೆ ತಲುಪದಿದ್ದಾಗ ಉರಿಯೂತವನ್ನು ಹೆಚ್ಚಿಸುವ ಇತರ ಸಂದೇಶಗಳು ಹಿಡಿತ ತಪ್ಪುತ್ತವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ವೈದ್ಯರು ಇಂತಹ ಒಬ್ಬ ರೋಗಿಗೆ ಆ ಸಂದೇಶಗಳನ್ನು ತಡೆಯುವ ಔಷಧ ನೀಡಿದಾಗ ವಸಡಿನ ಉರಿಯೂತ ಶಮನವಾದುದು 2017ರಲ್ಲಿ ವರದಿಯಾಯಿತು. ಇದು ಸಾಮಾನ್ಯ ವಸಡಿನ ರೋಗಕ್ಕೆ ನೀಡುವ ಔಷಧವಲ್ಲ. ಆದರೆ ರಕ್ಷಣಾ ಕೋಶಗಳ ಕೊರತೆ, ಅತಿರೇಕ ಎರಡೂ ಹಾನಿಕರ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

5. ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಹಾನಿಯಾಗುವುದೇ?

ಈ ವಿಷಯದಲ್ಲಿ ಎರಡು ಅಧ್ಯಯನಗಳು ಪ್ರಮುಖವಾಗಿವೆ. ನಾರ್ವೆ ಮೂಲದ ವಿಜ್ಞಾನಿ ಹೆರಾಲ್ಡ್ ಲೋ ಮತ್ತು ಸಹೋದ್ಯೋಗಿಗಳು ಡೆನ್ಮಾರ್ಕಿನಲ್ಲಿ 12 ಮಂದಿ ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನು ನಿಲ್ಲಿಸುವಂತೆ ತಿಳಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡುಗಳಲ್ಲಿಯೂ ಉರಿಯೂತ ಕಾಣಿಸಿಕೊಂಡಿತು. ಹಲ್ಲುಜ್ಜುವುದನ್ನು ಪುನಃ ಆರಂಭಿಸಿದ ನಂತರ ವಸಡುಗಳು ಮೊದಲಿನಂತಾದವು. ಈ ಅಧ್ಯಯನ 1965ರಲ್ಲಿ ಪ್ರಕಟವಾಯಿತು. ಉರಿಯೂತದ ಕಾರಣ ಲೋಳೆಪದರವೇ ಎಂಬುದು ಇದರಿಂದ ಸಾಬೀತಾಯಿತು.

ಇದೇ ತಂಡವು 1970ರಲ್ಲಿ ಶ್ರೀಲಂಕಾದ ಚಹಾ ತೋಟಗಳ 480 ಪುರುಷ ಕಾರ್ಮಿಕರನ್ನು ಪರೀಕ್ಷಿಸಲು ಆರಂಭಿಸಿತು. ಈ ಕಾರ್ಮಿಕರಿಗೆ ಹಲ್ಲುಜ್ಜುವ ರೂಢಿಯಾಗಲೀ ದಂತ ಚಿಕಿತ್ಸೆಯಾಗಲೀ ಇರಲಿಲ್ಲ. ಬಹುತೇಕ ಎಲ್ಲರ ಹಲ್ಲುಗಳ ಮೇಲೂ ಪಾಚಿ ಕಟ್ಟಿತ್ತು. ಆದರೆ 1986ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಶೇ. 8ರಷ್ಟು ಜನರಲ್ಲಿ ರೋಗವು ವೇಗವಾಗಿ ಮುಂದುವರಿದಿತ್ತು, ಶೇ. 81ರಷ್ಟು ಜನರಲ್ಲಿ ಮಧ್ಯಮ ಗತಿಯಲ್ಲಿತ್ತು, ಶೇ. 11ರಷ್ಟು ಜನರಲ್ಲಿ ವಸಡಿನ ಉರಿಯೂತದಿಂದ ಮುಂದಕ್ಕೆ ಹೋಗಿರಲಿಲ್ಲ. ಪಾಚಿ ಸಮಾನವಾಗಿದ್ದರೂ ಪರಿಣಾಮ ಬೇರೆಬೇರೆಯಾಯಿತು. ದೇಹದ ರಕ್ಷಣಾ ಕೋಶಗಳ ಪ್ರತಿಕ್ರಿಯೆಯು ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗಿರುವುದು ಇದಕ್ಕೆ ಮುಖ್ಯ ಕಾರಣವೆಂದು ತಿಳಿಯಲಾಗಿದೆ.

ಆದುದರಿಂದ 'ನೆರೆಮನೆಯವರಿಗೂ ರಕ್ತ ಬರುತ್ತದೆ, ಅವರ ಹಲ್ಲು ಗಟ್ಟಿಯಾಗಿಯೇ ಇವೆ' ಎಂಬ ಹೋಲಿಕೆಯಿಂದ ಸಮಾಧಾನ ಪಡುವುದು ಸರಿಯಲ್ಲ. ತಮ್ಮ ದೇಹವು ಯಾವ ಗುಂಪಿಗೆ ಸೇರಿದೆ ಎಂಬುದನ್ನು ಮುಂಚಿತವಾಗಿ ತಿಳಿಯುವ ಸರಳ ರಕ್ತ ಪರೀಕ್ಷೆ ಯಾವುದೂ ಇಲ್ಲ. ಪರೀಕ್ಷೆ ನಡೆಸಿ ಜೇಬಿನ ಆಳವನ್ನು ಅಳೆಯುವುದೇ ಮಾರ್ಗ.

6. ಹೆಚ್ಚಿನ ಎಚ್ಚರ ಅಗತ್ಯವಿರುವವರು

(ಅ) ಸಕ್ಕರೆ ಕಾಯಿಲೆ ಇರುವವರು: ರಕ್ತದಲ್ಲಿ ಸಕ್ಕರೆ ಹೆಚ್ಚಾದಾಗ ನ್ಯೂಟ್ರೋಫಿಲ್‌ಗಳು ರೋಗಾಣುಗಳಿರುವ ಸ್ಥಳಕ್ಕೆ ತಲುಪುವ ಹಾಗೂ ಅವುಗಳನ್ನು ಕೊಲ್ಲುವ ಸಾಮರ್ಥ್ಯ ಕುಗ್ಗುತ್ತದೆ. ಅದೇ ವೇಳೆ ಮ್ಯಾಕ್ರೋಫೇಜ್‌ಗಳು ಅಗತ್ಯಕ್ಕಿಂತ ಹೆಚ್ಚು ಉರಿಯೂತದ ಸಂದೇಶಗಳನ್ನು ಹೊರಡಿಸುತ್ತವೆ. ಹೀಗಾಗಿ ರಕ್ಷಣೆ ಕಡಿಮೆಯಾಗಿ ಹಾನಿ ಹೆಚ್ಚುತ್ತದೆ. ಈ ಸಂಬಂಧವು ಎರಡೂ ಕಡೆಯಿಂದ ಇದೆ. ವಸಡಿನ ಉರಿಯೂತದಿಂದ ಸಕ್ಕರೆಯ ಹತೋಟಿಯೂ ತಪ್ಪುತ್ತದೆ. ವಸಡಿನ ಚಿಕಿತ್ಸೆ ಪಡೆದ ಸಕ್ಕರೆ ಕಾಯಿಲೆಯವರಲ್ಲಿ ಹೆಚ್‌ಬಿಎ1ಸಿ ಎಂಬ ಮೂರು ತಿಂಗಳ ಸಕ್ಕರೆ ಪರೀಕ್ಷೆಯ ಅಂಕಿಯು 3-4 ತಿಂಗಳಲ್ಲಿ ಸರಾಸರಿ ಸುಮಾರು 0.4ರಷ್ಟು ಇಳಿಯುವುದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ನಡೆಸಿದ ಪರಾಮರ್ಶೆಯಲ್ಲಿ ಕಂಡುಬಂದಿದೆ.

(ಆ) ಹೊಗೆಸೊಪ್ಪು, ಬೀಡಿ, ಸಿಗರೇಟು, ಗುಟ್ಕಾ ಬಳಸುವವರು: ಧೂಮಪಾನದಿಂದ ವಸಡಿನ ಸೂಕ್ಷ್ಮ ರಕ್ತನಾಳಗಳ ಪ್ರತಿಕ್ರಿಯೆ ಕುಗ್ಗಿ ರಕ್ತಸ್ರಾವ ಕಡಿಮೆಯಾಗುತ್ತದೆ. ರಕ್ತ ಬಾರದಿರುವುದನ್ನು ಆರೋಗ್ಯವೆಂದು ಭಾವಿಸುವ ಅಪಾಯವಿದೆ. ಒಳಗೆ ಮೂಳೆ ಕರಗುತ್ತಲೇ ಇರುತ್ತದೆ. ಹೊಗೆಸೊಪ್ಪನ್ನು ಕೆನ್ನೆ ಅಥವಾ ತುಟಿಯ ಒಳಭಾಗದಲ್ಲಿ ಇಡುವವರಲ್ಲಿ ಆ ಜಾಗದ ವಸಡು ಹಿಂದೆ ಸರಿದು ಹಲ್ಲಿನ ಬೇರು ಹೊರಕಾಣುತ್ತದೆ. ಇದರೊಂದಿಗೆ ಬಾಯಿ ಕ್ಯಾನ್ಸರಿನ ಅಪಾಯವೂ ಇದೆ. ಕರ್ನಾಟಕದಲ್ಲಿ ಗುಟ್ಕಾ ಮಾರಾಟವನ್ನು 2013ರ ಮೇ ತಿಂಗಳಿನಲ್ಲಿ ನಿಷೇಧಿಸಲಾಗಿದೆ. ಸಂಡೂರಿನ ಗಣಿ ಕಾರ್ಮಿಕರು, ಲಾರಿ ಚಾಲಕರು, ಕಂಪ್ಲಿ ಹಾಗೂ ಹೊಸಪೇಟೆ ಭಾಗದ ಭತ್ತ, ಕಬ್ಬು ಮತ್ತು ಬಾಳೆ ತೋಟಗಳ ಕೃಷಿ ಕಾರ್ಮಿಕರು ಸೇರಿದಂತೆ, ದುಡಿಮೆಯ ನಡುವೆ ಆಯಾಸ ಕಳೆಯಲೆಂದು ಹೊಗೆಸೊಪ್ಪು ಬಳಸುವ ಯಾರೇ ಆಗಲಿ, ನೋವಿಲ್ಲದಿದ್ದರೂ ವರ್ಷಕ್ಕೊಮ್ಮೆ ಬಾಯಿ ತಪಾಸಣೆ ಮಾಡಿಸಿಕೊಳ್ಳುವುದು ಅವಶ್ಯಕ.

(ಇ) ಗರ್ಭಿಣಿಯರು: ಹಾರ್ಮೋನುಗಳ ಏರಿಕೆಯಿಂದ ವಸಡಿನ ಪ್ರತಿಕ್ರಿಯೆ ತೀವ್ರವಾಗಿ ಸ್ವಲ್ಪ ಪಾಚಿಗೂ ಹೆಚ್ಚು ಊತ ಬರುತ್ತದೆ. ಹಲ್ಲು ಶುಚಿಗೊಳಿಸುವ ಚಿಕಿತ್ಸೆಯನ್ನು ಗರ್ಭಾವಸ್ಥೆಯಲ್ಲಿ ಸುರಕ್ಷಿತವಾಗಿ ಪಡೆಯಬಹುದು. 4ರಿಂದ 6ನೇ ತಿಂಗಳು ಹೆಚ್ಚು ಅನುಕೂಲಕರ.

(ಈ) ಕೆಲವು ಔಷಧ ಸೇವಿಸುವವರು: ರಕ್ತದೊತ್ತಡಕ್ಕೆ ನೀಡುವ ಆಮ್ಲೊಡಿಪಿನ್, ಮೂರ್ಛೆ ರೋಗಕ್ಕೆ ನೀಡುವ ಫೆನಿಟೊಯಿನ್ ಮುಂತಾದ ಔಷಧಗಳಿಂದ ಕೆಲವರಲ್ಲಿ ವಸಡು ಬೆಳೆದು ದಪ್ಪವಾಗುತ್ತದೆ. ಇಂತಹವರು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಔಷಧ ಬರೆದುಕೊಟ್ಟ ವೈದ್ಯರಿಗೆ ತಿಳಿಸತಕ್ಕದ್ದು.

7. ವಸಡಿನ ರೋಗವಲ್ಲದ ಕಲೆಗಳು

ಬಳ್ಳಾರಿ ಸೀಮೆಯ ಹಲವು ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿರುವುದು ತಿಳಿದ ವಿಷಯ. ಕುಡಿಯುವ ನೀರಿನಲ್ಲಿ ಇದರ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಬಾಲ್ಯದಲ್ಲಿ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿದವರ ಹಲ್ಲುಗಳ ಮೇಲೆ ಬಿಳಿ ಅಥವಾ ಕಂದು ಬಣ್ಣದ ಕಲೆಗಳು ಶಾಶ್ವತವಾಗಿ ಉಳಿಯುತ್ತವೆ. ಇವು ಹಲ್ಲಿನ ಒಳಗಿನ ಕಲೆಗಳೇ ಹೊರತು ಪಾಚಿಯಲ್ಲ. ರಕ್ಷಣಾ ಕೋಶಗಳಿಗೆ ಇವುಗಳೊಂದಿಗೆ ಸಂಬಂಧವಿಲ್ಲ. ಈ ಕಲೆಗಳನ್ನು ತೆಗೆಯಲು ಇಟ್ಟಿಗೆ ಪುಡಿ, ಇದ್ದಿಲು, ಮರಳು ಹಾಕಿ ಉಜ್ಜುವುದರಿಂದ ಕಲೆ ಹೋಗುವುದಿಲ್ಲ. ಹಲ್ಲು ಸವೆದು ವಸಡು ಗಾಯಗೊಳ್ಳುತ್ತದೆ. ಕಲೆಯಿರುವ ಹಲ್ಲಿನ ಬುಡದಲ್ಲಿ ಪಾಚಿಯೂ ಕಟ್ಟಿರಬಹುದಾದುದರಿಂದ ಎರಡನ್ನೂ ಬೇರ್ಪಡಿಸಿ ನೋಡಲು ದಂತ ವೈದ್ಯರ ತಪಾಸಣೆ ಅಗತ್ಯ.

8. ಚಿಕಿತ್ಸೆಯ ಕ್ರಮ

ಚಿಕಿತ್ಸೆಯ ಮೂಲ ಉದ್ದೇಶ ರಕ್ಷಣಾ ಕೋಶಗಳನ್ನು ಹತ್ತಿಕ್ಕುವುದೂ ಅಲ್ಲ, ಅವುಗಳ ಬಲವನ್ನು ಹೆಚ್ಚಿಸುವುದೂ ಅಲ್ಲ. ಅವುಗಳನ್ನು ಕೆರಳಿಸುತ್ತಿರುವ ಕಾರಣವನ್ನು ತೆಗೆದುಹಾಕುವುದೇ ಉದ್ದೇಶ. ಕಾರಣ ಇಲ್ಲವಾದಾಗ ಕೋಶಗಳು ತಾವಾಗಿಯೇ ಹಿಂದೆ ಸರಿಯುತ್ತವೆ, ವಸಡು ಬಿಗಿಯಾಗುತ್ತದೆ.

(1) ತಪಾಸಣೆ: ಗುರುತುಗಳಿರುವ ತೆಳುವಾದ ಉಪಕರಣದಿಂದ ಪ್ರತಿ ಹಲ್ಲಿನ ಸುತ್ತ ಜೇಬಿನ ಆಳ ಅಳೆಯಲಾಗುವುದು. ಅಗತ್ಯವಿದ್ದಲ್ಲಿ ಎಕ್ಸ್-ರೇ ಮೂಲಕ ಮೂಳೆಯ ಮಟ್ಟ ನೋಡಲಾಗುವುದು.

(2) ಹಲ್ಲು ಶುಚಿಗೊಳಿಸುವಿಕೆ: ಸ್ಕೇಲಿಂಗ್ ಎಂದು ಕರೆಯಲಾಗುವ ಈ ವಿಧಾನದಲ್ಲಿ ವಸಡಿನ ಮೇಲಿನ ಹಾಗೂ ಕೆಳಗಿನ ಪಾಚಿಯನ್ನು ತೆಗೆಯಲಾಗುವುದು. ಜೇಬು ಆಳವಾಗಿದ್ದಲ್ಲಿ ಮರಗಟ್ಟಿಸುವ ಚುಚ್ಚುಮದ್ದು ನೀಡಿ ಬೇರಿನ ಮೇಲ್ಮೈಯನ್ನೂ ಶುಚಿಗೊಳಿಸಲಾಗುವುದು. ಇದಕ್ಕೆ ಒಂದಕ್ಕಿಂತ ಹೆಚ್ಚು ಭೇಟಿ ಬೇಕಾಗಬಹುದು.

(3) ಮರುತಪಾಸಣೆ: ಕೆಲವು ವಾರಗಳ ನಂತರ ಪುನಃ ಅಳತೆ ಮಾಡಲಾಗುವುದು. ಆಳ ಕಡಿಮೆಯಾಗದ ಕಡೆ ಶಸ್ತ್ರಚಿಕಿತ್ಸೆಯ ಅಗತ್ಯ ಬರಬಹುದು.

(4) ಮನೆಯಲ್ಲಿ ಆರೈಕೆ: ಮೃದುವಾದ ಬ್ರಶ್ ಮತ್ತು ಫ್ಲೋರೈಡ್ ಪೇಸ್ಟಿನಿಂದ ದಿನಕ್ಕೆರಡು ಬಾರಿ, ಅದರಲ್ಲಿಯೂ ರಾತ್ರಿ ಮಲಗುವ ಮುನ್ನ, ವಸಡಿನ ಅಂಚನ್ನು ಸೇರಿಸಿ ಉಜ್ಜತಕ್ಕದ್ದು. ರಕ್ತ ಬರುವ ಜಾಗವನ್ನು ಬಿಟ್ಟು ಉಜ್ಜುವುದು ತಪ್ಪು. ಆ ಜಾಗಕ್ಕೇ ಹೆಚ್ಚಿನ ಶುಚಿತ್ವ ಬೇಕು. ಹಲ್ಲುಗಳ ನಡುವಿನ ಸಂದುಗಳನ್ನು ದಾರ ಅಥವಾ ಸಣ್ಣ ಬ್ರಶ್‌ನಿಂದ ಶುಚಿಗೊಳಿಸಬಹುದು.

9. ಸರ್ಕಾರಿ ಆಸ್ಪತ್ರೆಗಳಲ್ಲಿ ಸೇವೆ ಪಡೆಯುವ ವಿಧಾನ

ಹೊಸಪೇಟೆ ಮತ್ತು ಹಂಪಿ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಸಂಡೂರು ಮತ್ತು ಕಂಪ್ಲಿ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿವೆ. ಸಾರ್ವಜನಿಕರು ಮೊದಲು ತಮಗೆ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಹೊರರೋಗಿ ಚೀಟಿ ಪಡೆದು ತಪಾಸಣೆ ಮಾಡಿಸಿಕೊಳ್ಳಬಹುದು. ಹಂಪಿ ಭಾಗದವರಿಗೆ ಸುಮಾರು 13 ಕಿ.ಮೀ. ದೂರದ ಹೊಸಪೇಟೆ ಅನುಕೂಲಕರ. ದಂತ ವೈದ್ಯರು ಲಭ್ಯವಿರುವ ದಿನ ಮತ್ತು ವೇಳೆಯನ್ನು ಆಶಾ ಕಾರ್ಯಕರ್ತೆಯರ ಮೂಲಕ ಮುಂಚಿತವಾಗಿ ತಿಳಿದುಕೊಂಡಲ್ಲಿ ಒಂದು ದಿನದ ಕೂಲಿ ವ್ಯರ್ಥವಾಗುವುದು ತಪ್ಪುತ್ತದೆ.

ಹೆಚ್ಚಿನ ಚಿಕಿತ್ಸೆ ಅಗತ್ಯವಿರುವವರಿಗೆ ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಮಹಾವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆ ಇದೆ. ಹೊಸಪೇಟೆಯಿಂದ ಬಳ್ಳಾರಿಗೆ ಸುಮಾರು 60 ಕಿ.ಮೀ. ದೂರವಿದ್ದು, ಬಸ್ಸು ಹಾಗೂ ರೈಲು ಸೌಕರ್ಯವಿದೆ. ರಾಜ್ಯದ ಮಹಿಳೆಯರು 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಗುರುತಿನ ಚೀಟಿ ತೋರಿಸಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು.

ತಪಾಸಣೆಗೆ ಬರುವಾಗ ತರಬೇಕಾದವು:

(1) ಆಧಾರ್ ಚೀಟಿ ಹಾಗೂ ಪಡಿತರ ಚೀಟಿ.
(2) ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡಕ್ಕೆ ಚಿಕಿತ್ಸೆ ಪಡೆಯುತ್ತಿರುವವರು ಅದರ ಪುಸ್ತಕ, ಇತ್ತೀಚಿನ ಪರೀಕ್ಷಾ ವರದಿ.
(3) ಸೇವಿಸುತ್ತಿರುವ ಎಲ್ಲ ಮಾತ್ರೆಗಳು. ಹೆಸರು ತಿಳಿಯದಿದ್ದಲ್ಲಿ ಮಾತ್ರೆಯ ಹಾಳೆಯನ್ನೇ ತರಬಹುದು.
(4) ಗರ್ಭಿಣಿಯರು ತಾಯಿ ಕಾರ್ಡ್.
(5) ಬೇರೆ ಆಸ್ಪತ್ರೆಯಿಂದ ಕಳುಹಿಸಲಾಗಿದ್ದಲ್ಲಿ ಆ ವೈದ್ಯರ ಶಿಫಾರಸು ಪತ್ರ.

ಹೃದಯದ ಕವಾಟದ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಚಿಕಿತ್ಸೆ ಆರಂಭಕ್ಕೆ ಮುನ್ನವೇ ಈ ವಿಷಯವನ್ನು ದಂತ ವೈದ್ಯರಿಗೆ ತಪ್ಪದೇ ತಿಳಿಸತಕ್ಕದ್ದು.

30 ವರ್ಷ ಮೇಲ್ಪಟ್ಟವರಿಗೆ ಅಸಾಂಕ್ರಾಮಿಕ ರೋಗಗಳ ನಿಯಂತ್ರಣ ಕಾರ್ಯಕ್ರಮದಡಿ ಸಕ್ಕರೆ, ರಕ್ತದೊತ್ತಡ ಹಾಗೂ ಬಾಯಿ ಕ್ಯಾನ್ಸರ್ ತಪಾಸಣೆ ನಡೆಸಲಾಗುತ್ತದೆ. ವಸಡಿನ ತೊಂದರೆ ಇರುವವರು ಈ ತಪಾಸಣೆಯನ್ನೂ ಮಾಡಿಸಿಕೊಳ್ಳುವುದು ಒಳಿತು. ತಮಗೆ ಸಕ್ಕರೆ ಕಾಯಿಲೆ ಇರುವುದು ವಸಡಿನ ತೊಂದರೆಯಿಂದಲೇ ಮೊದಲು ಬೆಳಕಿಗೆ ಬರುವುದುಂಟು.

10. ದಂತಪಂಕ್ತಿ ಸೌಲಭ್ಯದ ಬಗ್ಗೆ

ಹಲ್ಲುಗಳನ್ನು ಕಳೆದುಕೊಂಡ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಹಿರಿಯರಿಗೆ ಉಚಿತ ಕೃತಕ ದಂತಪಂಕ್ತಿ ಒದಗಿಸುವ ಉದ್ದೇಶದಿಂದ ರಾಜ್ಯದಲ್ಲಿ ದಂತಭಾಗ್ಯ ಯೋಜನೆಯನ್ನು ಜಾರಿಗೆ ತರಲಾಯಿತು. ವಯೋಮಿತಿ, ದಾಖಲೆಗಳು ಹಾಗೂ ನೋಂದಣಿ ಕ್ರಮವನ್ನು ಅರ್ಜಿ ಸಲ್ಲಿಸುವ ಮುನ್ನ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸತಕ್ಕದ್ದು.

ಆದರೆ ಒಂದು ವಿಷಯವನ್ನು ಗಮನಿಸುವುದು ಅಗತ್ಯ. ಕೃತಕ ದಂತಪಂಕ್ತಿಯು ದವಡೆಯ ಮೂಳೆಯ ಏಣಿನ ಮೇಲೆ ಕೂರುತ್ತದೆ. ವಸಡಿನ ರೋಗದಿಂದ ಆ ಏಣು ಹೆಚ್ಚು ಕರಗಿದವರಲ್ಲಿ ದಂತಪಂಕ್ತಿ ಸರಿಯಾಗಿ ನಿಲ್ಲದೆ ಅಗಿಯುವಾಗ ಜಾರುತ್ತದೆ. ಜೋಳದ ರೊಟ್ಟಿಯಂತಹ ಆಹಾರ ತಿನ್ನುವುದು ಕಷ್ಟವಾಗುತ್ತದೆ. ಆದ್ದರಿಂದ 'ಹಲ್ಲು ಹೋದರೆ ಕಟ್ಟಿಸಿಕೊಂಡರಾಯಿತು' ಎಂದು ಕಾಯುವುದಕ್ಕಿಂತ, ಇರುವ ಹಲ್ಲು ಮತ್ತು ಮೂಳೆಯನ್ನು ಉಳಿಸಿಕೊಳ್ಳುವ ಚಿಕಿತ್ಸೆಯನ್ನು ಸಕಾಲದಲ್ಲಿ ಪಡೆಯುವುದು ಹೆಚ್ಚು ಪ್ರಯೋಜನಕಾರಿ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಲ್ಲು ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುವುದೇ?
ಉತ್ತರ: ಇಲ್ಲ. ಮೂಳೆ ಕರಗಿದ ಹಲ್ಲಿಗೆ ಗಟ್ಟಿಯಾದ ಪಾಚಿಯು ತಾತ್ಕಾಲಿಕವಾಗಿ ಗಾರೆಯಂತೆ ಆಧಾರ ನೀಡಿರುತ್ತದೆ. ಪಾಚಿ ತೆಗೆದಾಗ, ಹಾಗೂ ಊದಿಕೊಂಡಿದ್ದ ವಸಡು ಇಳಿದಾಗ, ಮೊದಲೇ ಇದ್ದ ಸಡಿಲತೆ ಮತ್ತು ಸಂದು ಕಣ್ಣಿಗೆ ಕಾಣುತ್ತವೆ. ಉರಿಯೂತ ಶಮನವಾದಂತೆ ಸಡಿಲತೆಯು ಎಷ್ಟೋ ಹಲ್ಲುಗಳಲ್ಲಿ ಕಡಿಮೆಯಾಗುತ್ತದೆ.

ಪ್ರಶ್ನೆ: ರೋಗನಿರೋಧಕ ಶಕ್ತಿ ಹೆಚ್ಚಿಸುವ ಟಾನಿಕ್ ಕುಡಿದರೆ ವಸಡಿನ ರೋಗ ವಾಸಿಯಾಗುವುದೇ?
ಉತ್ತರ: ಇಲ್ಲ. ಬಹುತೇಕ ರೋಗಿಗಳಲ್ಲಿ ತೊಂದರೆಯು ಶಕ್ತಿಯ ಕೊರತೆಯಿಂದಲ್ಲ, ಮುಗಿಯದ ಹೋರಾಟದಿಂದ ಬಂದಿರುತ್ತದೆ. ಪಾಚಿ ಉಳಿದಿರುವವರೆಗೆ ಹೋರಾಟ ನಿಲ್ಲುವುದಿಲ್ಲ.

ಪ್ರಶ್ನೆ: ಔಷಧದ ಅಂಗಡಿಯಿಂದ ಆಂಟಿಬಯೋಟಿಕ್ ಮಾತ್ರೆ ತಂದು ನುಂಗಿದರೆ ಸಾಲದೇ?
ಉತ್ತರ: ಸಾಲದು. ಲೋಳೆಪದರದ ಒಳಗಿರುವ ಬ್ಯಾಕ್ಟೀರಿಯಾಗಳಿಗೆ ಮಾತ್ರೆಯ ಅಂಶ ಸಮರ್ಪಕವಾಗಿ ತಲುಪುವುದಿಲ್ಲ. ಊತ ಕೆಲವು ದಿನ ಇಳಿದು ಮತ್ತೆ ಮರುಕಳಿಸುತ್ತದೆ. ವೈದ್ಯರ ಸಲಹೆಯಿಲ್ಲದೆ ಈ ಮಾತ್ರೆಗಳನ್ನು ಸೇವಿಸಬಾರದು.

ಪ್ರಶ್ನೆ: ಬೇವಿನ ಕಡ್ಡಿ ಬಳಸಬಹುದೇ?
ಉತ್ತರ: ತುದಿಯನ್ನು ಚೆನ್ನಾಗಿ ಅಗಿದು ಮೃದುಗೊಳಿಸಿ ವಸಡಿಗೆ ಗಾಯವಾಗದಂತೆ ಬಳಸಿದಲ್ಲಿ ತೊಂದರೆಯಿಲ್ಲ. ಆದರೆ ಹಲ್ಲುಗಳ ಒಳಬದಿ ಹಾಗೂ ಹಿಂದಿನ ದವಡೆ ಹಲ್ಲುಗಳಿಗೆ ಅದು ತಲುಪುವುದು ಕಷ್ಟ. ಪಾಚಿ ಹೆಚ್ಚಾಗಿ ಉಳಿಯುವುದು ಇಂತಹ ಜಾಗಗಳಲ್ಲಿಯೇ.

ಪ್ರಶ್ನೆ: ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ಸರಿಯಾಗಿದ್ದರೆ ವಸಡಿನ ರೋಗ ಇಲ್ಲವೆಂದು ತಿಳಿಯಬಹುದೇ?
ಉತ್ತರ: ತಿಳಿಯಲಾಗದು. ಹೋರಾಟವು ವಸಡಿನ ಸಣ್ಣ ಜಾಗದಲ್ಲಿ ನಡೆಯುವುದರಿಂದ ರಕ್ತದ ಎಣಿಕೆಯಲ್ಲಿ ವ್ಯತ್ಯಾಸ ಕಾಣದಿರಬಹುದು.

12. ವಿಳಂಬ ಮಾಡದೆ ವೈದ್ಯರನ್ನು ಕಾಣಬೇಕಾದ ಲಕ್ಷಣಗಳು

(1) ವಸಡಿನಿಂದ ತಾನಾಗಿಯೇ ರಕ್ತ ಸುರಿಯುವುದು. ಜೊತೆಗೆ ಜ್ವರ, ತೀವ್ರ ನಿಶ್ಶಕ್ತಿ ಅಥವಾ ಚರ್ಮದ ಮೇಲೆ ಕೆಂಪು ಚುಕ್ಕೆಗಳು. ಇವು ರಕ್ತಕ್ಕೆ ಸಂಬಂಧಿಸಿದ ಗಂಭೀರ ಕಾಯಿಲೆಗಳ ಲಕ್ಷಣವೂ ಆಗಿರಬಹುದು.
(2) ವಸಡಿನಲ್ಲಿ ಕೀವು, ಮುಖದ ಊತ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟ.
(3) ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ.
(4) ಮಕ್ಕಳು ಅಥವಾ ಹದಿಹರೆಯದವರಲ್ಲಿ ಕಾರಣವಿಲ್ಲದೆ ಶಾಶ್ವತ ಹಲ್ಲು ಅಲುಗಾಡುವುದು.

13. ಮುಕ್ತಾಯ

ಬೆಳಿಗ್ಗೆ ಉಗುಳಿನಲ್ಲಿ ಕಾಣುವ ರಕ್ತವು, ವಸಡಿನೊಳಗೆ ರಕ್ಷಣಾ ಕೋಶಗಳ ಹೋರಾಟ ಆರಂಭವಾಗಿದೆ ಎಂಬುದರ ಮೊದಲ ಸೂಚನೆ. ಆ ಹಂತದಲ್ಲಿ ಬ್ರಶ್ ಮತ್ತು ಒಂದೆರಡು ಭೇಟಿಗಳಿಂದ ಗುಣವಾಗುವ ರೋಗವು, ಕೆಲವು ವರ್ಷಗಳ ನಂತರ ಹಲ್ಲುಗಳನ್ನೇ ತೆಗೆಸಬೇಕಾದ ಸ್ಥಿತಿಗೆ ತಲುಪಬಹುದು. ಆದ್ದರಿಂದ ಸಾರ್ವಜನಿಕರು ನೋವಿಗಾಗಿ ಕಾಯದೆ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಂಡು ಲಭ್ಯವಿರುವ ಸೇವೆಯ ಸದುಪಯೋಗ ಪಡೆಯಬೇಕೆಂದು ಕೋರಲಾಗಿದೆ.

ಆರೋಗ್ಯ ಸಂಬಂಧಿ ಮಾಹಿತಿ ಮತ್ತು ಸಲಹೆಗೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಬಹುದು. ಹೊಗೆಸೊಪ್ಪು ತ್ಯಜಿಸಲು ಬಯಸುವವರು ರಾಷ್ಟ್ರೀಯ ತಂಬಾಕು ವ್ಯಸನಮುಕ್ತಿ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಈ ಪುಟದಲ್ಲಿ ನೀಡಿರುವ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇದ್ದು, ವೈದ್ಯರ ತಪಾಸಣೆಗೆ ಬದಲಿಯಲ್ಲ.